ಇಂಡಿಯಾನಾದ ಕೆಲಸ, ವಾಲ್‌ಮಾರ್ಟಿನ ಬೋರ್ಡು, ನಮ್ಮ ಸ್ವದೇಶಿ

ಅಮೆರಿಕದಲ್ಲಿ ಇಂಡಿಯಾನಾ ಅಂತ ಒಂದು ರಾಜ್ಯ ಇದೆ. ಶಿಕಾಗೋ ಪಕ್ಕ. ಜೋಳ, ಸೋಯಾ ಬೆಳೆಯುವ ಸಪಾಟು ನೆಲ, ನಡುನಡುವೆ ಕಾರ್ಖಾನೆಯ ಊರುಗಳು. ಕೆಲಸಗಳು ಹೊರದೇಶಕ್ಕೆ ಹೋಗುವುದು, ಇನ್ನೊಂದು ಕಡೆ ‘ನಮ್ಮ ದೇಶದ ಸರಕನ್ನೇ ಕೊಳ್ಳಿ’ ಅಂತ ಕರೆ ಕೊಡುವುದು, ಈ ಎರಡರ ಬಗ್ಗೆ ನಾನು ಇವತ್ತು ಮಾತಾಡಬೇಕು. ಇಡೀ ಅಮೆರಿಕ ಹಿಡಿಯಲು ಹೋದರೆ ಕೈಗೆ ಸಿಗುವುದಿಲ್ಲ. ಹಾಗಾಗಿ ಆದಷ್ಟೂ ಇಂಡಿಯಾನಾದಲ್ಲೇ ಓಡಾಡುತ್ತೇನೆ. ಬೇಕಾದಾಗ ಮಾತ್ರ ಆಚೆ ಹೋಗಿ ಬರುತ್ತೇನೆ.

2003ರಲ್ಲಿ ಅಲ್ಲಿ ಒಂದು ತಮಾಷೆ ನಡೆಯಿತು. ಕೆಲಸ ಕಳೆದುಕೊಂಡವರಿಗೆ ಭತ್ಯೆ ಕೊಡುವ ಇಲಾಖೆಯೊಂದು ಆ ರಾಜ್ಯದಲ್ಲಿದೆ. ಅದರ ಕಂಪ್ಯೂಟರ್ ವ್ಯವಸ್ಥೆ ಹಳೇದಾಗಿತ್ತು. ಹೊಸದು ಮಾಡಿಸಲು ಟೆಂಡರ್ ಕರೆದರು. ನಮ್ಮ ಟಿಸಿಎಸ್‌ನ ಅಮೆರಿಕ ಶಾಖೆ ಸುಮಾರು 1.5 ಕೋಟಿ ಡಾಲರಿಗೆ ಮಾಡಿಕೊಡುತ್ತೇವೆ ಎಂದಿತು. ಉಳಿದವರು ಹೇಳಿದ್ದಕ್ಕಿಂತ ಅದು ಸುಮಾರು 80 ಲಕ್ಷ ಡಾಲರ್ ಕಡಿಮೆ. ಸರ್ಕಾರ ಅವರಿಗೇ ಕೊಟ್ಟಿತು. ಸುದ್ದಿ ಹೊರಬಿದ್ದದ್ದೇ ತಡ, ಗಲಾಟೆ. ನಿರುದ್ಯೋಗಿಗಳ ಅರ್ಜಿ ನೋಡುವ ಕೆಲಸವನ್ನೂ ಇಂಡಿಯಾದವರಿಗೇ ಕೊಟ್ಟಿರಲ್ಲ ಅಂತ. ಆ ನವೆಂಬರಿನಲ್ಲಿ ಗವರ್ನರ್ ಜೋ ಕರ್ನನ್ ಗುತ್ತಿಗೆ ರದ್ದು ಮಾಡಿದರು.

ನಗು ಬರುವ ಪ್ರಸಂಗ ಹೌದು. ಆದರೆ ಗಮನಿಸಿ. ಇಲ್ಲಿ ಕೊಂಡವರು ಸರ್ಕಾರ. ಒಂದೇ ಗಿರಾಕಿ, ದೊಡ್ಡ ಗಿರಾಕಿ. ಬೇಡ ಅಂದರು, ಗುತ್ತಿಗೆ ನಿಂತುಹೋಯಿತು. ಇದನ್ನು ನೆನಪಿಟ್ಟುಕೊಂಡಿರಿ.

ಈಗ ‘ಅಮೆರಿಕದ್ದನ್ನೇ ಕೊಳ್ಳಿ’ ಎನ್ನುವ ಕರೆಗೆ ಬರೋಣ. ಇದು ಹಳೇ ಕರೆ. 1930ರ ದಶಕದ ಮಹಾಕುಸಿತದ ಹೊತ್ತಿಗೆ ಪತ್ರಿಕಾ ದೊರೆ ಹರ್ಸ್ಟ್ ತನ್ನ ಪತ್ರಿಕೆಗಳಲ್ಲೆಲ್ಲ ಇದನ್ನು ಊದಿಸಿದ. 1933ರ ಮಾರ್ಚ್ 3ರಂದು, ಅಧಿಕಾರದ ಕೊನೆಯ ಪೂರ್ಣ ದಿನ, ಅಧ್ಯಕ್ಷ ಹೂವರ್ ‘ಬೈ ಅಮೆರಿಕನ್’ ಕಾಯ್ದೆಗೆ ಸಹಿ ಹಾಕಿದರು. ಆ ಕಾಯ್ದೆ ಇವತ್ತಿಗೂ ಇದೆ. ಅದು ಜನರಿಗೆ ಏನನ್ನೂ ಹೇಳುವುದಿಲ್ಲ. ಕೇಂದ್ರ ಸರ್ಕಾರ ಏನು ಕೊಳ್ಳಬೇಕು ಅಂತ ಮಾತ್ರ ಹೇಳುತ್ತದೆ. ಸರ್ಕಾರ ಕೊಳ್ಳುವ ಸರಕಿನಲ್ಲಿ ಇಷ್ಟು ಪಾಲು ಬಿಡಿಭಾಗ ದೇಶದ್ದೇ ಇರಬೇಕು ಎನ್ನುವ ಲೆಕ್ಕ 2022ರಲ್ಲಿ ಶೇಕಡಾ 60ಕ್ಕೆ, 2024ರಲ್ಲಿ 65ಕ್ಕೆ ಏರಿತು. 2029ಕ್ಕೆ 75 ಆಗಬೇಕು. ಕಾಯ್ದೆ ಸರ್ಕಾರಕ್ಕೆ, ಉಪದೇಶ ಜನರಿಗೆ. ನಾನು ಹೇಳಬೇಕಿರುವುದೆಲ್ಲ ಈ ವ್ಯತ್ಯಾಸದ ಸುತ್ತಲೇ ಇದೆ.

ಉಪದೇಶ ಹೇಗೆ ನಡೆಯುತ್ತದೆ ಅನ್ನುವುದಕ್ಕೆ ವಾಲ್‌ಮಾರ್ಟ್ ಕಥೆ ಕೇಳಿ. ಇದು ಇಂಡಿಯಾನಾದ್ದಲ್ಲ, ಅರ್ಕನ್ಸಾ ರಾಜ್ಯದ್ದು. 1985ರಲ್ಲಿ ವಾಲ್‌ಮಾರ್ಟ್ ಸ್ಥಾಪಕ ಸ್ಯಾಮ್ ವಾಲ್ಟನ್ ಸರಕು ಒದಗಿಸುವವರಿಗೆಲ್ಲ ಒಂದು ಕಾಗದ ಬರೆದರು. ಆಮದು ಕಡಿಮೆ ಮಾಡೋಣ, ಇಲ್ಲೇ ಮಾಡಿಸೋಣ ಅಂತ. ಮೊದಲ ಉದಾಹರಣೆಯೂ ರೆಡಿ ಇತ್ತು. ಬ್ರಿಂಕ್ಲಿ ಅನ್ನುವ ಸಣ್ಣ ಊರಿನ ಫ್ಯಾರಿಸ್ ಫ್ಯಾಷನ್ಸ್ ಎಂಬ ಅಂಗಿ ಕಾರ್ಖಾನೆ ಮುಚ್ಚುವ ಸ್ಥಿತಿಗೆ ಬಂದಿತ್ತು. ಆಗ ಅಲ್ಲಿ ಗವರ್ನರ್ ಆಗಿದ್ದ ಬಿಲ್ ಕ್ಲಿಂಟನ್ ವಾಲ್ಟನ್ ಜೊತೆ ಮಾತಾಡಿದರು. ಹೊರದೇಶದಿಂದ ತರಿಸುತ್ತಿದ್ದ ಫ್ಲಾನೆಲ್ ಅಂಗಿಗಳ ಆರ್ಡರ್ ಆ ಕಾರ್ಖಾನೆಗೆ ಸಿಕ್ಕಿತು. ಕಾರ್ಖಾನೆ ಉಳಿಯಿತು. ಒಳ್ಳೇ ಕೆಲಸವೇ, ಅದರಲ್ಲಿ ಎರಡು ಮಾತಿಲ್ಲ.

ಆಮೇಲೆ ಅಂಗಡಿಗಳಲ್ಲಿ ಕೆಂಪು, ಬಿಳಿ, ನೀಲಿ ಬೋರ್ಡುಗಳು ಬಂದವು. ಜಾಹೀರಾತು ಬಂತು. ಜನ ಮೆಚ್ಚಿದರು. 1992ರ ಡಿಸೆಂಬರಿನಲ್ಲಿ ಎನ್‌ಬಿಸಿ ಟಿವಿಯವರು ಕ್ಯಾಮೆರಾ ಹಿಡಿದು ಒಳಗೆ ಹೋದರು. ‘ಅಮೆರಿಕದಲ್ಲಿ ತಯಾರಾದದ್ದು’ ಎಂಬ ಬೋರ್ಡಿನ ಕೆಳಗೆ ನೇತುಹಾಕಿದ್ದ ಬಟ್ಟೆಗಳಲ್ಲಿ ಹೊರದೇಶದ ಚೀಟಿ ಇತ್ತು. ಬಾಂಗ್ಲಾದೇಶದ ಕಾರ್ಖಾನೆಯೊಂದರಲ್ಲಿ ಮಕ್ಕಳು ವಾಲ್‌ಮಾರ್ಟಿಗೆ ಬಟ್ಟೆ ಹೊಲಿಯುವ ದೃಶ್ಯವನ್ನೂ ತೋರಿಸಿದರು. ಕಂಪನಿ ಬೋರ್ಡು ತಪ್ಪಾಗಿ ಹಾಕಿದ್ದು ಎಂದಿತು. 2002ರ ಹೊತ್ತಿಗೆ ಅದೇ ವಾಲ್‌ಮಾರ್ಟ್ ತನ್ನ ಜಾಗತಿಕ ಖರೀದಿ ಕಚೇರಿಯನ್ನು ಚೀನಾದ ಶೆನ್ಝೆನ್‌ನಲ್ಲಿ ತೆರೆಯಿತು. 2013ರಲ್ಲಿ ಮತ್ತೆ ಸುತ್ತಿ ಬಂದು, ಹತ್ತು ವರ್ಷದಲ್ಲಿ 5,000 ಕೋಟಿ ಡಾಲರಿನ ಅಮೆರಿಕನ್ ಸರಕು ಕೊಳ್ಳುತ್ತೇವೆ ಎಂದು ಘೋಷಣೆ. 2015ರಲ್ಲಿ ಅದರ ಜಾಲತಾಣದಲ್ಲಿ ‘ಅಮೆರಿಕದಲ್ಲಿ ತಯಾರಾದದ್ದು’ ಎಂಬ ಗುರುತು ತಪ್ಪು ಸರಕುಗಳ ಮೇಲಿದೆ ಅಂತ ದೂರು ಬಂದು, ಆ ಗುರುತನ್ನೇ ತೆಗೆದರು.

ನಾನು ಇದನ್ನು ವಾಲ್‌ಮಾರ್ಟ್ ಮೋಸಗಾರ ಅಂತ ಹೇಳಲು ಎತ್ತಿಕೊಂಡದ್ದಲ್ಲ. ಬ್ರಿಂಕ್ಲಿಯ ಕಾರ್ಖಾನೆ ಉಳಿದದ್ದು ಯಾಕೆ? ಗಿರಾಕಿಗಳು ಬೋರ್ಡು ನೋಡಿ ಅಂಗಿ ಕೊಂಡದ್ದರಿಂದಲಾ? ಅಲ್ಲವಲ್ಲ. ಗವರ್ನರ್ ಮಾತಾಡಿದರು, ಕಂಪನಿ ಮಾಲೀಕ ಆರ್ಡರ್ ಕೊಟ್ಟ. ಬೋರ್ಡು ಬಂದದ್ದು ಆಮೇಲೆ. ಆದರೆ ಜನರಿಗೆ ಹೇಳಿದ್ದು ಏನು? ನೀವು ಈ ಅಂಗಿ ಕೊಂಡರೆ ಕೆಲಸ ಉಳಿಯುತ್ತದೆ ಅಂತ.

ಕಾರುಗಳ ವಿಷಯಕ್ಕೆ ಬಂದರೆ ಇದು ಬರೀ ತಮಾಷೆಯಾಗಿ ಉಳಿಯುವುದಿಲ್ಲ. 1980ರ ಆಸುಪಾಸು ಡೆಟ್ರಾಯಿಟ್ ಮತ್ತು ಇತರ ಕಾರು ಕಾರ್ಖಾನೆಯ ಊರುಗಳಲ್ಲಿ ಲಕ್ಷಗಟ್ಟಲೆ ಕಾರ್ಮಿಕರು ಕೆಲಸ ಕಳೆದುಕೊಂಡರು. ಸಿಟ್ಟೆಲ್ಲ ಜಪಾನಿನ ಮೇಲೆ ತಿರುಗಿತು. ಯೂನಿಯನ್ ಕಚೇರಿಗಳ ಪಾರ್ಕಿಂಗ್ ಜಾಗದಲ್ಲಿ ವಿದೇಶಿ ಕಾರು ನಿಲ್ಲಿಸಬೇಡಿ ಅಂತ ಬೋರ್ಡು ಹಾಕಿದರು. ಜಪಾನಿ ಕಾರುಗಳನ್ನು ಸುತ್ತಿಗೆಯಿಂದ ಒಡೆಯುವುದನ್ನು ಜಾತ್ರೆಯ ಆಟದ ಹಾಗೆ ಮಾಡಿದರು. 1982ರ ಜೂನ್‌ನಲ್ಲಿ ವಿನ್ಸೆಂಟ್ ಚಿನ್ ಎಂಬ ಯುವಕನನ್ನು ಕಾರು ಉದ್ಯಮದ ಇಬ್ಬರು ಬೇಸ್‌ಬಾಲ್ ಬ್ಯಾಟಿನಿಂದ ಹೊಡೆದರು. ಅವನು ಉಳಿಯಲಿಲ್ಲ. ಅವನು ಚೀನಾ ಮೂಲದ ಅಮೆರಿಕನ್. ಜಪಾನಿನವನೂ ಅಲ್ಲ. ಹೊಡೆದವರಿಗೆ ಜೈಲು ಆಗಲಿಲ್ಲ. ಪ್ರೊಬೇಷನ್ ಮತ್ತು ತಲಾ 3,000 ಡಾಲರ್ ದಂಡ. ಅದೇ ವರ್ಷಗಳಲ್ಲಿ ಕ್ರೈಸ್ಲರ್ ಕಂಪನಿ ಏನು ಮಾಡುತ್ತಿತ್ತು ಗೊತ್ತಾ? ಜಪಾನಿನ ಮಿತ್ಸುಬಿಷಿ ಮಾಡಿದ ಸಣ್ಣ ಕಾರನ್ನು ತರಿಸಿ, ‘ಡಾಡ್ಜ್ ಕೋಲ್ಟ್’ ಅಂತ ತನ್ನ ಹೆಸರು ಅಂಟಿಸಿ ಮಾರುತ್ತಿತ್ತು. ಫೋರ್ಡ್ ಕಂಪನಿ ಮಜ್ದಾದಲ್ಲಿ, ಜನರಲ್ ಮೋಟಾರ್ಸ್ ಇಸುಜುವಿನಲ್ಲಿ ಪಾಲು ಇಟ್ಟುಕೊಂಡಿದ್ದವು.

1992ರಲ್ಲಿ ನ್ಯೂಯಾರ್ಕ್ ರಾಜ್ಯದ ಗ್ರೀಸ್ ಎಂಬ ಊರಿನ ಪುರಸಭೆಯವರು ಮಣ್ಣು ಅಗೆಯುವ ಯಂತ್ರ ಕೊಳ್ಳಬೇಕಿತ್ತು. ಜಪಾನಿನ ಕೊಮಾತ್ಸು ಅಗ್ಗಕ್ಕೆ ಸಿಗುತ್ತಿತ್ತು. ದೇಶಾಭಿಮಾನದಿಂದ ಅದನ್ನು ಬಿಟ್ಟು, ಜಾಸ್ತಿ ಕೊಟ್ಟು ಜಾನ್ ಡೀರ್ ಯಂತ್ರ ಆರಿಸಿದರು. ಆಮೇಲೆ ತಿಳಿಯಿತು, ಕೊಮಾತ್ಸು ಯಂತ್ರ ತಯಾರಾಗುವುದು ಅಮೆರಿಕದಲ್ಲೇ. ಜಾನ್ ಡೀರ್ ಹೆಸರಿನ ಯಂತ್ರ ಹಿಟಾಚಿ ಜೊತೆ ಸೇರಿ ಜಪಾನಿನಲ್ಲಿ ಮಾಡಿದ್ದು!

ಈಗ ಇಂಡಿಯಾನಾಗೆ ವಾಪಸ್. ಲಫಾಯೆಟ್ ಎಂಬ ಊರಲ್ಲಿ 1989ರಿಂದ ಸುಬಾರು ಕಾರ್ಖಾನೆ ಇದೆ. ಪ್ರಿನ್ಸ್‌ಟನ್ ಎಂಬ ಊರಲ್ಲಿ 1990ರ ದಶಕದ ಕೊನೆಯಿಂದ ಟೊಯೊಟಾ. ಗ್ರೀನ್ಸ್‌ಬರ್ಗ್‌ನಲ್ಲಿ 2008ರಿಂದ ಹೋಂಡಾ. ಮೂರೂ ಜಪಾನಿನ ಕಂಪನಿಗಳು. ಅಲ್ಲಿನ ಸಾವಿರಾರು ಮನೆಗಳ ಅನ್ನ ಅವುಗಳಿಂದ. ಹಾಗಾದರೆ ಇಂಡಿಯಾನಾದವನು ‘ನಮ್ಮ ಕಾರು’ ಕೊಳ್ಳಬೇಕು ಅಂದರೆ ಯಾವುದನ್ನು ಕೊಳ್ಳಬೇಕು? ಮೆಕ್ಸಿಕೋದಲ್ಲಿ ಜೋಡಿಸಿದ ಫೋರ್ಡಾ, ಪಕ್ಕದೂರಲ್ಲಿ ಜೋಡಿಸಿದ ಟೊಯೊಟಾನಾ?

ಇಂಡಿಯಾನಾದ ಬ್ಲೂಮಿಂಗ್ಟನ್‌ನದು ಇನ್ನೊಂದು ಕಥೆ. ಆರ್‌ಸಿಎ ಕಂಪನಿ ರೇಡಿಯೋ ಮಾಡುತ್ತಿದ್ದದ್ದು ನ್ಯೂಜೆರ್ಸಿಯ ಕ್ಯಾಮ್ಡೆನ್‌ನಲ್ಲಿ. ಅಲ್ಲಿ 1936ರಲ್ಲಿ ದೊಡ್ಡ ಮುಷ್ಕರ ಆಯಿತು, ಯೂನಿಯನ್ ಗಟ್ಟಿಯಾಯಿತು. 1940ರಲ್ಲಿ ಕಂಪನಿ ಬ್ಲೂಮಿಂಗ್ಟನ್‌ಗೆ ಬಂತು. ಇಲ್ಲಿ ಕೂಲಿ ಕಡಿಮೆ. ಕೆಲಸಕ್ಕೆ ಸೇರಿದವರಲ್ಲಿ ಹೆಂಗಸರೇ ಹೆಚ್ಚು. 1954ರಲ್ಲಿ ಆರ್‌ಸಿಎಯ ಮೊದಲ ಬಣ್ಣದ ಟಿವಿ ಹೊರಬಂದದ್ದು ಇದೇ ಊರಿಂದ. ಜಗತ್ತಿನ ಬಣ್ಣದ ಟಿವಿ ರಾಜಧಾನಿ ಅಂತ ಊರು ಹೆಮ್ಮೆಪಟ್ಟುಕೊಂಡಿತು. 1960ರ ದಶಕದ ಕೊನೆಗೆ ಕಂಪನಿ ಮೆಕ್ಸಿಕೋದ ಹುವಾರೆಸ್‌ನಲ್ಲಿ ಒಂದು ಘಟಕ ತೆರೆಯಿತು. ಸ್ವಲ್ಪ ಸ್ವಲ್ಪವೇ ಕೆಲಸ ಅತ್ತ ಹೋಯಿತು. 1980ರ ದಶಕದಲ್ಲಿ ಮೊದಲು ಜನರಲ್ ಎಲೆಕ್ಟ್ರಿಕ್, ಆಮೇಲೆ ಫ್ರಾನ್ಸಿನ ಥಾಮ್ಸನ್ ಅದನ್ನು ಕೊಂಡವು. 1998ರ ಏಪ್ರಿಲ್‌ನಲ್ಲಿ ಬ್ಲೂಮಿಂಗ್ಟನ್ ಕಾರ್ಖಾನೆ ಬಾಗಿಲು ಹಾಕಿತು. ಸಾವಿರಕ್ಕೂ ಹೆಚ್ಚು ಜನರ ಕೆಲಸ ಹೋಯಿತು.

ಆದರೆ ಟಿವಿಯ ಮೇಲೆ ಆರ್‌ಸಿಎ ಅನ್ನುವ ಹೆಸರು ಹಾಗೇ ಇತ್ತು. ಅಪ್ಪನ ಕಾಲದಿಂದ ನಮ್ಮ ಮನೇಲಿ ಆರ್‌ಸಿಎನೇ ಅಂತ ಹೋಗಿ ಕೊಂಡವನ ಮನೆಗೆ ಬಂದದ್ದು ಫ್ರೆಂಚ್ ಮಾಲೀಕರ, ಮೆಕ್ಸಿಕೋದಲ್ಲಿ ಜೋಡಿಸಿದ ಟಿವಿ. ಇನ್ನೊಂದು ಸಂಗತಿ ನೋಡಿ. ಕ್ಯಾಮ್ಡೆನ್‌ನವರು ಕೆಲಸ ಕಳಕೊಂಡಾಗ ಕೆಲಸ ಹೋದದ್ದು ಸ್ವದೇಶಕ್ಕೇ, ಇಂಡಿಯಾನಾಗೆ. ಆಗ ಅದನ್ನು ಯಾರೂ ದೇಶದ್ರೋಹ ಅನ್ನಲಿಲ್ಲ. ಕಂಪನಿ ಮೊದಲ ಸಲ ಊರು ಬಿಟ್ಟದ್ದಕ್ಕೂ ಕೊನೆಯ ಸಲ ಬಿಟ್ಟದ್ದಕ್ಕೂ ಕಾರಣ ಒಂದೇ. ಕೂಲಿ.

ಸರಿ, ಹೆಸರು ನಂಬಬೇಡಿ, ಚೀಟಿ ಓದಿ ಕೊಳ್ಳಿ ಅಂತೀರಾ? ಪೆಸಿಫಿಕ್ ಸಾಗರದಲ್ಲಿ ಸೈಪಾನ್ ಅಂತ ಒಂದು ದ್ವೀಪ ಇದೆ. ಅಮೆರಿಕದ ಆಡಳಿತಕ್ಕೆ ಸೇರಿದ್ದು. ಆದರೆ ಬಹುಕಾಲ ಅಮೆರಿಕದ ಕನಿಷ್ಠ ಕೂಲಿ ಅಲ್ಲಿಗೆ ಅನ್ವಯಿಸುತ್ತಿರಲಿಲ್ಲ. ಅಲ್ಲಿನ ಗಾರ್ಮೆಂಟ್ಸ್‌ಗಳಲ್ಲಿ ಚೀನಾ, ಫಿಲಿಪೀನ್ಸ್‌ನಿಂದ ಸಾಲ ಮಾಡಿ ಬಂದ ಹೆಣ್ಣುಮಕ್ಕಳು ಹೊಲಿಯುತ್ತಿದ್ದರು. ಆ ಬಟ್ಟೆಗೆ ‘ಅಮೆರಿಕದಲ್ಲಿ ತಯಾರಾದದ್ದು’ ಎಂಬ ಚೀಟಿ. ಕಾನೂನಿನ ಪ್ರಕಾರ ಪೂರ್ತಿ ಸರಿ! 1999ರಲ್ಲಿ ದೊಡ್ಡ ಮೊಕದ್ದಮೆ ಆಯಿತು, ದೊಡ್ಡ ದೊಡ್ಡ ಬ್ರಾಂಡ್‌ಗಳು ಕೊನೆಗೆ ದುಡ್ಡು ಕೊಟ್ಟು ರಾಜಿ ಮಾಡಿಕೊಂಡವು.

ಇಷ್ಟು ಹೊತ್ತು ವಸ್ತುಗಳ ಮಾತಾಯಿತು. ವಸ್ತುವಿಗೆ ಸುಳ್ಳೋ ನಿಜವೋ ಒಂದು ಚೀಟಿಯಾದರೂ ಇರುತ್ತದೆ. ನಮ್ಮ ಬೆಂಗಳೂರು ಈ ಕಥೆಯೊಳಗೆ ಬಂದ ಮೇಲೆ ಅದೂ ಇಲ್ಲ. ಫೋನಿನ ಆಚೆ ತುದಿಯಲ್ಲಿ ಇರುವವರಿಗೆ ಎಲ್ಲಿ ಚೀಟಿ ಅಂಟಿಸುತ್ತೀರಿ? ನಿಮ್ಮ ಬ್ಯಾಂಕಿನ ಲೆಕ್ಕ ಯಾವ ದೇಶದಲ್ಲಿ ಕೂತು ಬರೆದರು ಅಂತ ಪಾಸ್‌ಬುಕ್ಕಿನಲ್ಲಿ ಹಾಕುತ್ತಾರಾ?

2000ದ ಮೊದಲ ವರ್ಷಗಳಲ್ಲಿ ನಾನೂ ಕೆಲಕಾಲ ನೈಟ್ ಶಿಫ್ಟಿನಲ್ಲಿ ಫೋನ್ ಎತ್ತುವ ಕೆಲಸ ಮಾಡಿದ್ದೆ. ರಾತ್ರಿ ಕ್ಯಾಬ್ ಮನೆ ಮುಂದೆ ಬಂದು ಹಾರ್ನ್ ಹೊಡೆದರೆ ಬೀದಿಯವರೆಲ್ಲ ಏಳುತ್ತಿದ್ದರು. ನಮಗೆ ಅಮೆರಿಕದ ಹೆಸರು ಇಟ್ಟಿದ್ದರು, ಅಲ್ಲಿನ ಹವಾಮಾನ, ಬೇಸ್‌ಬಾಲ್ ತಂಡಗಳ ಹೆಸರು ಬಾಯಿಪಾಠ ಮಾಡಿಸಿದ್ದರು. ಕೆಲವರು ಫೋನ್ ಮಾಡಿದ ತಕ್ಷಣ ‘ಎಲ್ಲಿಂದ ಮಾತಾಡ್ತಾ ಇದೀಯ’ ಅಂತ ಕೇಳುತ್ತಿದ್ದರು. ಹೇಳುವ ಹಾಗಿರಲಿಲ್ಲ. ಕೆಲವರು ಬೈಯುತ್ತಿದ್ದರು. ನನಗೆ ಬೈದರೆ ಏನು ಬಂತು? ಆ ಕೆಲಸವನ್ನು ಅಲ್ಲಿಂದ ಇಲ್ಲಿಗೆ ತಂದವನು ನಾನಲ್ಲವಲ್ಲ. ಆ ಮನುಷ್ಯನ ಸಿಟ್ಟು ಕಂಪನಿಯನ್ನು ಮುಟ್ಟುವ ದಾರಿಯೇ ಇರಲಿಲ್ಲ. ನಡುವೆ ನಾನು ಕೂತಿದ್ದೆ.

2003ರ ನವೆಂಬರಿನಲ್ಲಿ ಜಾನ್ ಕೆರ್ರಿ ಎಂಬ ಸೆನೆಟರ್, ಮುಂದಿನ ವರ್ಷ ಅಧ್ಯಕ್ಷ ಚುನಾವಣೆಗೆ ನಿಂತವರು, ಒಂದು ಮಸೂದೆ ತಂದರು. ಫೋನ್ ಎತ್ತಿದವರು ತಾವು ಯಾವ ದೇಶದಲ್ಲಿದ್ದೇವೆ ಅಂತ ಹೇಳಲೇಬೇಕು ಅಂತ. ಅಂದರೆ ಮಾತಿಗೂ ಒಂದು ಚೀಟಿ. ಅದು ಕಾನೂನಾಗಲಿಲ್ಲ. ಅದೇ ತಿಂಗಳು ಇನ್ನೊಂದು ಸಂಗತಿ ನಡೆಯಿತು, ನನ್ನ ಲೆಕ್ಕದಲ್ಲಿ ಇದು ಹೆಚ್ಚು ಮುಖ್ಯ. ಡೆಲ್ ಕಂಪನಿ ಕೆಲವು ಬಗೆಯ ಕಂಪ್ಯೂಟರುಗಳ ಸಹಾಯವಾಣಿಯನ್ನು ಬೆಂಗಳೂರಿನಿಂದ ಅಮೆರಿಕಕ್ಕೆ ವಾಪಸ್ ಒಯ್ದಿತು. ಯಾವ ಬಗೆ? ದೊಡ್ಡ ದೊಡ್ಡ ಕಂಪನಿಗಳು ನೂರು ಸಾವಿರ ಲೆಕ್ಕದಲ್ಲಿ ಕೊಳ್ಳುವಂಥವು. ಆ ಕಂಪನಿಗಳು ಸರ್ವಿಸ್ ಸರಿಯಿಲ್ಲ ಅಂತ ದೂರಿದ್ದವು. ಮನೆಗೆ ಒಂದು ಕಂಪ್ಯೂಟರ್ ಕೊಂಡವರ ಫೋನು ಬೆಂಗಳೂರಿಗೇ ಬರುತ್ತಿತ್ತು. ಅವರೂ ದೂರಿದ್ದರು.

ಇದು ಇಂಡಿಯಾನಾ ಸರ್ಕಾರದ ಪ್ರಸಂಗಕ್ಕೆ ಹೊಂದಿಕೊಳ್ಳುತ್ತದೆ, ನೋಡಿ. ಒಬ್ಬನೇ ಕೊಳ್ಳುವವನ ಮಾತು ಕಂಪನಿಯ ಕಿವಿಗೆ ಬೀಳುವುದಿಲ್ಲ. ಸಾವಿರಗಟ್ಟಲೆ ಕೊಳ್ಳುವವನ ಮಾತು ಅದೇ ವಾರ ಬೀಳುತ್ತದೆ.

ಇಲ್ಲೊಂದು ಸಣ್ಣ ಅಡ್ಡಮಾತು. ಆಮದಿನಿಂದಲೋ ಕಾರ್ಖಾನೆ ಹೊರಗೆ ಹೋದದ್ದರಿಂದಲೋ ಕೆಲಸ ಹೋದವರಿಗೆ ತರಬೇತಿ, ಭತ್ಯೆ ಕೊಡುವ ಒಂದು ಯೋಜನೆ ಅಮೆರಿಕದಲ್ಲಿ 1962ರಿಂದ ಇತ್ತು. 2000ದ ಮೊದಲ ವರ್ಷಗಳಲ್ಲಿ ಕೆಲಸ ಕಳಕೊಂಡ ಸಾಫ್ಟ್‌ವೇರ್ ಬರೆಯುವವರು ಅರ್ಜಿ ಹಾಕಿದರೆ, ನೀವು ವಸ್ತು ಏನೂ ತಯಾರು ಮಾಡುತ್ತಿರಲಿಲ್ಲವಲ್ಲ ಅಂತ ವಾಪಸ್ ಕಳಿಸುತ್ತಿದ್ದರು. ಕೋರ್ಟಿಗೆ ಹೋಗಬೇಕಾಯಿತು. ಸೇವಾ ವಲಯದವರನ್ನು ಪೂರ್ತಿ ಸೇರಿಸಿಕೊಂಡದ್ದು 2009ರಲ್ಲಿ. 2022ರ ಜುಲೈನಲ್ಲಿ ಆ ಯೋಜನೆಯ ಅವಧಿಯೇ ಮುಗಿಯಿತು, ಹೊಸ ಅರ್ಜಿ ಪರಿಶೀಲನೆ ನಿಂತಿತು. ದೇಶದ ಸರಕು ಕೊಳ್ಳಿ ಅನ್ನುವ ಭಾಷಣಗಳು ಮಾತ್ರ ನಿಂತಿಲ್ಲ.

2009ರ ಮೇ ತಿಂಗಳಲ್ಲಿ ಅಧ್ಯಕ್ಷ ಒಬಾಮಾ ಆಡಿದ ಮಾತು ನಿಮ್ಮಲ್ಲಿ ಹಲವರಿಗೆ ನೆನಪಿರಬಹುದು. ನ್ಯೂಯಾರ್ಕಿನ ಬಫಲೋದಲ್ಲಿ ಕೆಲಸ ಕೊಡುವ ಕಂಪನಿಗಿಂತ ಬೆಂಗಳೂರಿನಲ್ಲಿ ಕೊಡುವ ಕಂಪನಿಗೆ ತೆರಿಗೆ ಕಡಿಮೆ ಬೀಳುತ್ತಿದೆ ಎಂದರು. ಬೆಂಗಳೂರಿನಲ್ಲಿ ನಾವೆಲ್ಲ ಅದನ್ನು ನಮ್ಮ ಮೇಲಿನ ಸಿಟ್ಟು ಅಂತಲೇ ಓದಿಕೊಂಡೆವು. ನಿಜಕ್ಕೂ ಅವರು ಹೇಳುತ್ತಿದ್ದದ್ದು ಹೊರದೇಶದ ಲಾಭವನ್ನು ಮನೆಗೆ ತರುವ ತನಕ ತೆರಿಗೆ ಕಟ್ಟಬೇಕಿಲ್ಲ ಎಂಬ ಅಮೆರಿಕದ್ದೇ ನಿಯಮದ ಬಗ್ಗೆ. ಅಂಗಡಿಗೆ ಹೋಗುವವರನ್ನು ಬಿಟ್ಟು ಕಂಪನಿಯ ಕಡೆ ಬೆರಳು ತೋರಿಸಿದ ಅಪರೂಪದ ಭಾಷಣ ಅದು. ನಮಗೆ ಊರಿನ ಹೆಸರು ಮಾತ್ರ ಕೇಳಿಸಿತು.

ಈಗ ಇಂಡಿಯಾನಾದ ದೊಡ್ಡ ಕಥೆ. ಕ್ಯಾರಿಯರ್, ಏಸಿ ಮತ್ತು ಮನೆ ಬಿಸಿ ಮಾಡುವ ಯಂತ್ರ ಮಾಡುವ ಕಂಪನಿ. 2016ರ ಫೆಬ್ರವರಿಯಲ್ಲಿ ಇಂಡಿಯಾನಾಪೊಲಿಸ್ ಕಾರ್ಖಾನೆಯ ಕಾರ್ಮಿಕರನ್ನೆಲ್ಲ ಒಂದೆಡೆ ಸೇರಿಸಿ, ಕೆಲಸ ಮೆಕ್ಸಿಕೋದ ಮಾಂಟೆರೇಗೆ ಹೋಗುತ್ತದೆ, ಇದು ಬರೀ ವ್ಯಾಪಾರದ ತೀರ್ಮಾನ ಅಂತ ಅಧಿಕಾರಿಯೊಬ್ಬ ಹೇಳಿದ. 1,400 ಕೆಲಸ. ಕಾರ್ಮಿಕರೊಬ್ಬರು ಅದನ್ನು ಫೋನಿನಲ್ಲಿ ಹಿಡಿದರು. ಇಡೀ ದೇಶ ನೋಡಿತು. ಅದು ಚುನಾವಣೆಯ ವರ್ಷ.

ಕಾರ್ಖಾನೆ ನಷ್ಟದಲ್ಲಿ ಇರಲಿಲ್ಲ. ಜನ ಕ್ಯಾರಿಯರ್ ಕೊಳ್ಳುವುದನ್ನು ಬಿಟ್ಟಿರಲೂ ಇಲ್ಲ. ಎಲ್ಲರೂ ದೇಶಾಭಿಮಾನದಿಂದ ಕ್ಯಾರಿಯರನ್ನೇ ಕೊಂಡಿದ್ದರೂ ಏನೂ ಬದಲಾಗುತ್ತಿರಲಿಲ್ಲ. ಮಾಂಟೆರೇಗೆ ಹೋದರೆ ವರ್ಷಕ್ಕೆ ಸುಮಾರು 6.5 ಕೋಟಿ ಡಾಲರ್ ಉಳಿಯುತ್ತದೆ ಅನ್ನುವುದು ಲೆಕ್ಕ. ಇಲ್ಲಿ ಗಂಟೆಗೆ 20 ಡಾಲರಿಗೂ ಜಾಸ್ತಿ ಕೂಲಿ, ಅಲ್ಲಿ ಸುಮಾರು 3 ಡಾಲರ್.

ಗೆದ್ದ ಟ್ರಂಪ್ ಅಧಿಕಾರಕ್ಕೆ ಬರುವ ಮೊದಲೇ, ಡಿಸೆಂಬರ್ 1ರಂದು ಆ ಕಾರ್ಖಾನೆಗೆ ಬಂದು ಸಾವಿರಕ್ಕೂ ಹೆಚ್ಚು ಕೆಲಸ ಉಳಿಸಿದೆ ಎಂದರು. ರಾಜ್ಯ ಸರ್ಕಾರ ಹತ್ತು ವರ್ಷಕ್ಕೆ 70 ಲಕ್ಷ ಡಾಲರ್ ರಿಯಾಯಿತಿ ಕೊಟ್ಟಿತ್ತು. ಕಂಪನಿ ಉಳಿದದ್ದು ಆ ದುಡ್ಡಿಗಾಗಿಯೇ ಅಂತ ನನಗನ್ನಿಸುವುದಿಲ್ಲ. ವರ್ಷಕ್ಕೆ 6.5 ಕೋಟಿ ಉಳಿತಾಯದ ಮುಂದೆ ಹತ್ತು ವರ್ಷಕ್ಕೆ 70 ಲಕ್ಷ ಯಾವ ಲೆಕ್ಕ? ಆಗ ಕ್ಯಾರಿಯರ್‌ನ ಒಡೆಯ ಯುನೈಟೆಡ್ ಟೆಕ್ನಾಲಜೀಸ್. ಅಮೆರಿಕದ ಯುದ್ಧ ವಿಮಾನಗಳಿಗೆ ಎಂಜಿನ್ ಮಾಡುವ ಪ್ರಾಟ್ ಅಂಡ್ ವಿಟ್ನಿ ಕೂಡ ಅವರದ್ದೇ ಆಗಿತ್ತು. ಅವರ ದೊಡ್ಡ ಗಿರಾಕಿ ಯಾರು ಹೇಳಿ? ಅಮೆರಿಕ ಸರ್ಕಾರ. ಗಿರಾಕಿ ಮಾತಾಡಿದ, ಕಂಪನಿ ಕೇಳಿತು. ಮತ್ತೆ ಅದೇ ಕಥೆ.

ಎಷ್ಟು ಕೆಲಸ ಉಳಿಯಿತು ಅಂತ ಲೆಕ್ಕ ಹಾಕಿದವರು ಅಲ್ಲಿನ ಯೂನಿಯನ್ ಮುಖಂಡ ಚಕ್ ಜೋನ್ಸ್. ಕಾರ್ಖಾನೆಯ ಒಳಗಿನ ಲೆಕ್ಕ ಅವರ ಹತ್ತಿರ ಇತ್ತು. ಉಳಿದದ್ದು ಸುಮಾರು 800. ಹೇಳಿದ ಸಂಖ್ಯೆಯಲ್ಲಿ ಮುನ್ನೂರರಷ್ಟು ಮೊದಲಿಗೇ ಹೋಗಬೇಕಿರದ ಕಚೇರಿ ಕೆಲಸಗಳು ಸೇರಿದ್ದವು. 550ರಷ್ಟು ಜನ ಹೊರಗೆ. ಅದೇ ಒಡೆಯರ ಹಂಟಿಂಗ್ಟನ್ ಊರಿನ ಇನ್ನೊಂದು ಘಟಕದ 700 ಕೆಲಸ ಮೆಕ್ಸಿಕೋಗೆ ಹೋಗುವುದು ಹೋಗಿಯೇ ಹೋಯಿತು. ಇದನ್ನು ಹೇಳಿದ್ದಕ್ಕೆ ಜೋನ್ಸ್ ಮೇಲೆ ಟ್ರಂಪ್ ಟ್ವೀಟ್ ಮಾಡಿದರು. ಅವರ ಮನೆಗೆ ಬೆದರಿಕೆ ಫೋನುಗಳು ಬಂದವು. ಇನ್ನೊಂದು ಕಡೆ, ಉಳಿದ ಕಾರ್ಖಾನೆಗೆ 1.6 ಕೋಟಿ ಡಾಲರ್ ಹಾಕಿ ಹೆಚ್ಚು ಯಂತ್ರ ತರುತ್ತೇವೆ, ಕೊನೆಗೆ ಕೆಲಸ ಕಡಿಮೆಯೇ ಆಗುತ್ತದೆ ಅಂತ ಒಡೆಯ ಕಂಪನಿಯ ಮುಖ್ಯಸ್ಥರೇ ಟಿವಿಯಲ್ಲಿ ಹೇಳಿದರು. ಹೀಗೆ ಬಾಯಿಬಿಟ್ಟು ಹೇಳುವ ಕಂಪನಿ ಮುಖ್ಯಸ್ಥರು ಅಪರೂಪ. ಆ ಪ್ರಾಮಾಣಿಕತೆ ನನಗೆ ಹಿಡಿಸಿತು.

ಇನ್ನೂ ಇದೆ. 2017ರ ಮೇ. ಅಮೆರಿಕದಲ್ಲಿ 10,000 ಅಮೆರಿಕನ್ನರನ್ನು ಕೆಲಸಕ್ಕೆ ತೆಗೆದುಕೊಳ್ಳುತ್ತೇವೆ ಅಂತ ಇನ್ಫೋಸಿಸ್ ಘೋಷಿಸಿತು. ಮೊದಲ ಕೇಂದ್ರ ಎಲ್ಲಿ? ಇಂಡಿಯಾನಾಪೊಲಿಸ್. 2,000 ಕೆಲಸ. ಪಕ್ಕದಲ್ಲಿ ನಿಂತು ಸ್ವಾಗತಿಸಿದವರು ಗವರ್ನರ್. ತೆರಿಗೆ ರಿಯಾಯಿತಿಯೂ ಕೊಟ್ಟರು. 14 ವರ್ಷದ ಹಿಂದೆ ಭಾರತದ ಕಂಪನಿ ಅನ್ನುವ ಕಾರಣಕ್ಕೆ ಗುತ್ತಿಗೆ ರದ್ದು ಮಾಡಿದ ಅದೇ ರಾಜ್ಯ! ವೀಸಾ ಬಿಗಿಯಾಗುತ್ತದೆ ಅನ್ನುವ ಭಯ ಇನ್ಫೋಸಿಸ್‌ಗೆ ಇತ್ತು, ಊರಿಗೆ ಕೆಲಸ ಬೇಕಿತ್ತು. ಇಬ್ಬರೂ ಕೈ ಕುಲುಕಿದರು. ಇಲ್ಲಿ ಜನರಿಗೆ ಯಾರೂ ಏನನ್ನೂ ಕೊಳ್ಳಿ ಅಂತ ಹೇಳಲೇ ಇಲ್ಲ ನೋಡಿ.

ಇನ್ನು ನಮ್ಮ ಕಡೆಯ ಮಾತು. 2025ರ ಆಗಸ್ಟ್‌ನಲ್ಲಿ ಅಮೆರಿಕ ನಮ್ಮ ಸರಕಿನ ಮೇಲೆ ಒಟ್ಟು ಶೇಕಡಾ 50 ಸುಂಕ ಹಾಕಿತು. ಅದರ ಬೆನ್ನಿಗೇ ಇಲ್ಲಿ ಸ್ವದೇಶಿ ಕರೆ ಜೋರಾಯಿತು. ಗುಜರಾತಿನ ಮಾರುತಿ ಸುಜುಕಿ ಕಾರ್ಖಾನೆಯಲ್ಲಿ ಮಾತಾಡುತ್ತ ಪ್ರಧಾನಿ ಸ್ವದೇಶಿ ಅಂದರೆ ಏನು ಅಂತಲೂ ಹೇಳಿದರು: ದುಡ್ಡು ಯಾರದ್ದಾದರೂ ಇರಲಿ, ಬೆವರು ನಮ್ಮವರದ್ದಾಗಿರಬೇಕು ಎಂಬ ಅರ್ಥದಲ್ಲಿ. ಈ ವ್ಯಾಖ್ಯೆ ನನಗೆ ಒಪ್ಪಿಗೆ. ಇದರ ಪ್ರಕಾರ ಬಿಡದಿಯಲ್ಲಿ ತಯಾರಾದ ಇನ್ನೋವಾ ಸ್ವದೇಶಿ. ದೇವನಹಳ್ಳಿ ಹತ್ತಿರ ಫಾಕ್ಸ್‌ಕಾನ್ ಜೋಡಿಸುವ ಐಫೋನೂ ಸ್ವದೇಶಿ. ಅದೇ ಐಫೋನನ್ನು ಭಾರತದಲ್ಲಿ ಮಾಡಬೇಡ, ಅಮೆರಿಕದಲ್ಲಿ ಮಾಡು ಅಂತ ಅದೇ ವರ್ಷದ ಮೇ ತಿಂಗಳಲ್ಲಿ ಟ್ರಂಪ್ ಆಪಲ್ ಮುಖ್ಯಸ್ಥ ಟಿಮ್ ಕುಕ್‌ಗೆ ಹೇಳಿದ್ದರು. ಕುಕ್ ಎರಡೂ ಕಡೆ ತಲೆಯಾಡಿಸಿದರು.

ಸೆಪ್ಟೆಂಬರಿನಲ್ಲಿ ಬರ್ನಿ ಮೊರೆನೊ ಎಂಬ ಸೆನೆಟರ್, ಹೊರದೇಶದವರಿಂದ ಕೆಲಸ ಮಾಡಿಸಿಕೊಂಡು ಕೊಡುವ ದುಡ್ಡಿನ ಮೇಲೆ ಶೇಕಡಾ 25 ತೆರಿಗೆ ಹಾಕುವ ಮಸೂದೆ ಮಂಡಿಸಿದರು. ಬೆಂಗಳೂರಿಗೆ ಇದು ನೋವು ತರುವ ಮಸೂದೆ. ಆದರೆ ನಾನು ಇಷ್ಟು ಹೊತ್ತು ಹೇಳಿದ್ದರ ಪ್ರಕಾರ, ಸರಿಯಾದ ಬಾಗಿಲು ತಟ್ಟಿದ್ದು ಅದೇ. ಇದನ್ನು ಒಪ್ಪಿಕೊಳ್ಳಲು ನನಗೂ ಖುಷಿಯಿಲ್ಲ, ನಮ್ಮ ಮನೆಯ ಹುಡುಗರೂ ಆ ಕೆಲಸದಲ್ಲೇ ಇದ್ದಾರೆ.

ನಮ್ಮ ಬಾಗಿಲಲ್ಲಿ ಏನಾಯಿತು? 2024ರ ಜುಲೈ 15ರಂದು ಖಾಸಗಿ ಕಂಪನಿಗಳಲ್ಲಿ ಸ್ಥಳೀಯರಿಗೆ ಆಡಳಿತ ಹುದ್ದೆಗಳಲ್ಲಿ ಶೇಕಡಾ 50, ಉಳಿದ ಹುದ್ದೆಗಳಲ್ಲಿ 70 ಮೀಸಲಿಡುವ ಮಸೂದೆಗೆ ನಮ್ಮ ರಾಜ್ಯ ಸಂಪುಟ ಒಪ್ಪಿಗೆ ಕೊಟ್ಟಿತು. ಉದ್ಯಮಿಗಳು ಸಿಟ್ಟಾದರು. ಐಟಿ ಕಂಪನಿಗಳ ಸಂಘ ನಾಸ್ಕಾಮ್ ಹೇಳಿಕೆ ಕೊಟ್ಟಿತು. ಬೇರೆ ರಾಜ್ಯದವರು ನಮ್ಮಲ್ಲಿಗೆ ಬನ್ನಿ ಅಂದರು. 17ರಂದು ಮಸೂದೆಯನ್ನು ತಡೆಹಿಡಿದರು. ಮಸೂದೆ ಸರಿಯಿತ್ತು ಅಂತ ನಾನು ಹೇಳುತ್ತಿಲ್ಲ. ಹರಿಯಾಣದ ಇಂಥದ್ದೇ ಕಾನೂನನ್ನು ಹೈಕೋರ್ಟ್ ರದ್ದು ಮಾಡಿತ್ತು. ನಾನು ಹೇಳುವುದು ಇಷ್ಟು: ಕಂಪನಿಗಳಿಗೆ ಹೇಳಿದ ಮಾತು ಎರಡೇ ದಿನ ಬಾಳಿತು. ನಮಗೆ ನಿಮಗೆ ಹೇಳುವ ಕರೆಗೆ ಯಾವ ಉದ್ಯಮಿಯೂ ತಕರಾರು ಮಾಡಿದ್ದಿಲ್ಲ. ಯಾಕೆ ಮಾಡ್ತಾರೆ? ಅದರಿಂದ ಅವರಿಗೇನೂ ಖರ್ಚಿಲ್ಲ.

‘ಹಾಗಾದ್ರೆ ನಾವು ದೇಶದ್ದು ಕೊಳ್ಳೋದೇ ಬೇಡ್ವಾ?’ ಅಂತ ಹಿಂದಿನ ಸಾಲಿನಿಂದ ಒಬ್ಬರು ಕೇಳಿದರು. ಕೊಳ್ಳಿ, ಧಾರಾಳವಾಗಿ ಕೊಳ್ಳಿ. ನೇಕಾರರ ಸೀರೆ ಕೊಂಡರೆ ಆ ನೇಕಾರರಿಗೆ ನಾಲ್ಕು ಕಾಸು ಸಿಕ್ಕೇ ಸಿಗುತ್ತದೆ. ಆದರೆ ನಿಮ್ಮಲ್ಲಿ ಕೆಲವರು ಕಾಲೇಜು, ಆಸ್ಪತ್ರೆ, ಸಹಕಾರಿ ಬ್ಯಾಂಕಿನ ಆಡಳಿತ ಮಂಡಳಿಯಲ್ಲಿ ಇದ್ದೀರಿ. ಯೂನಿಫಾರ್ಮ್, ಹೊದಿಕೆ, ಕಂಪ್ಯೂಟರ್ ಅಂತ ಒಟ್ಟಿಗೆ ಕೊಳ್ಳುತ್ತೀರಿ. ಅಲ್ಲಿ ನೀವು ಡೆಲ್‌ನ ದೊಡ್ಡ ಗಿರಾಕಿಗಳ ಹಾಗೆ. ಆ ಟೆಂಡರಿನಲ್ಲಿ ನೀವು ಬರೆಸುವ ಒಂದು ಷರತ್ತು ನಿಮ್ಮ ಮನೆಯ ಹತ್ತು ವರ್ಷದ ಶಾಪಿಂಗಿಗಿಂತ ಜಾಸ್ತಿ.

ಇದಕ್ಕೆ ನಮ್ಮ ರಾಜ್ಯದ್ದೇ ಉದಾಹರಣೆ ಕೊಡುತ್ತೇನೆ, ತಿರುಗುಮುರುಗಾದ ಉದಾಹರಣೆ. ಹುಬ್ಬಳ್ಳಿಯ ಬೆಂಗೇರಿಯಲ್ಲಿ ಕರ್ನಾಟಕ ಖಾದಿ ಗ್ರಾಮೋದ್ಯೋಗ ಸಂಯುಕ್ತ ಸಂಘ ಇದೆ. 1957ರಲ್ಲಿ ಶುರುವಾದದ್ದು. ರಾಷ್ಟ್ರಧ್ವಜ ತಯಾರಿಸಲು, ಸರಕಿನ ಗುಣಮಟ್ಟ ನಿಗದಿ ಮಾಡುವ ಸರ್ಕಾರಿ ಸಂಸ್ಥೆ ಬಿಐಎಸ್‌ನ ಮಾನ್ಯತೆ ಪಡೆದ ಘಟಕ. ಬಾಗಲಕೋಟೆ ಕಡೆಯ ತುಳಸಿಗೇರಿಯಲ್ಲಿ ಬಟ್ಟೆ ನೇಯುತ್ತಾರೆ, ಬೆಂಗೇರಿಯಲ್ಲಿ ಬಣ್ಣ, ಚಕ್ರದ ಅಚ್ಚು, ಹೊಲಿಗೆ. ದುಡಿಯುವವರಲ್ಲಿ ಹೆಚ್ಚಿನವರು ಹೆಂಗಸರು. ಧ್ವಜ ಖಾದಿಯದ್ದೇ ಇರಬೇಕು, ಕೈಯಿಂದ ನೂತು ನೇಯ್ದದ್ದೇ ಇರಬೇಕು ಎಂಬ ನಿಯಮವೇ ಅವರ ಅನ್ನವಾಗಿತ್ತು. 2021ರ ಡಿಸೆಂಬರ್ 30ರಂದು ಧ್ವಜ ಸಂಹಿತೆಗೆ ತಿದ್ದುಪಡಿ ಆಯಿತು. ಪಾಲಿಯೆಸ್ಟರ್ ಆದೀತು, ಯಂತ್ರದಲ್ಲಿ ಮಾಡಿದ್ದೂ ಆದೀತು ಅಂತ. ಏಳೆಂಟು ತಿಂಗಳಿಗೆ ‘ಹರ್ ಘರ್ ತಿರಂಗಾ’ ಬಂತು. ಪ್ರತಿ ಮನೆಯಲ್ಲೂ ಧ್ವಜ ಹಾರಿಸಿ ಅಂತ ಕರೆ. ದೇಶದಲ್ಲಿ ಧ್ವಜಕ್ಕೆ ಅಷ್ಟು ಬೇಡಿಕೆ ಹಿಂದೆಂದೂ ಬಂದಿರಲಿಲ್ಲ. ಜನ ಖುಷಿಯಿಂದಲೇ ಕೊಂಡರು. ಅಗ್ಗದ ಪಾಲಿಯೆಸ್ಟರ್ ಧ್ವಜ ಕೈಗೆ ಸಿಕ್ಕಿತು, ತಪ್ಪೇನೂ ಇಲ್ಲ. ಬೆಂಗೇರಿಯವರು ನಿರೀಕ್ಷಿಸಿದ ಆರ್ಡರ್ ಬರಲಿಲ್ಲ. ತಿದ್ದುಪಡಿ ವಾಪಸ್ ತೆಗೆದುಕೊಳ್ಳಿ ಅಂತ ಪ್ರತಿಭಟನೆ ನಡೆಸಿದರು.

ಆ ತಿದ್ದುಪಡಿ ಇನ್ನೂ ಹಾಗೇ ಇದೆ. ಧ್ವಜ ಸಂಹಿತೆ ಗೃಹ ಸಚಿವಾಲಯದ ಜಾಲತಾಣದಲ್ಲಿ ಸಿಗುತ್ತದೆ, ಮನೆಗೆ ಹೋಗಿ ಓದಿ ನೋಡಬಹುದು. ಆ ತಿದ್ದುಪಡಿಯಲ್ಲಿ ಬದಲಾದದ್ದು ಒಂದೇ ವಾಕ್ಯ.